ಅಡೆವಾಲೆ ಬರೀ ಬಲಗೈ ಬಂಟನಲ್ಲ
‘ಅಸ್ಯಾಸಿನ್ಸ್ ಕ್ರೀಡ್’ ವಿಡಿಯೋ ಗೇಮ್ ಸರಣಿಯ ಕಪ್ಪು ಕಡಲ್ಗಳ್ಳ ಅಡೆವಾಲೆಯನ್ನು, ನಾನು ಓದಿದ ಲೇಖನವೊಂದರಲ್ಲಿ ಲೇಖಕರು ಕಡಲ್ಗಳ್ಳರ ನಾಯಕ ಎಡ್ವರ್ಡ್ ಕೆನ್ವೇಯ ಬಲಗೈ ಬಂಟ ಎಂದಷ್ಟೇ ಹೇಳಿ ಕೈತೊಳೆದುಕೊಂಡಿದ್ದಾರೆ. ಅದೇ ಸರಣಿಯ 2013ರ ‘ಫ್ರೀಡಂ ಕ್ರೈ’ ಆಟದಲ್ಲಿ ಅಡೆವಾಲೆಯೇ ನಾಯಕ, ಸ್ವತಃ ಗುಲಾಮಗಿರಿಯಿಂದ ಪಾರಾದವನು. ಅಲ್ಲಿ ಗುಲಾಮರ ಹಡಗಿಗೇ ಫಿರಂಗಿ ಹಾರಿಸಿದರೆ ಒಳಗೆ ಸೆರೆಯಲ್ಲಿರುವವರು ಸಾಯುತ್ತಾರೆ. ಮೊದಲು ಕಾವಲು ಹಡಗುಗಳನ್ನು ಬಗ್ಗುಬಡಿಯಬೇಕು. ಗುಂಡಿ ಒತ್ತುವ ಬೆರಳು ತಡವರಿಸುತ್ತದೆ. ಆದರೆ ಬಿಡಿಸಿದವರ ಸಂಖ್ಯೆ ಏರಿದಂತೆ ಹೊಸ ಆಯುಧ ದಕ್ಕುವ ಏರ್ಪಾಡು ನನಗೆ ಹಿಡಿಸಲಿಲ್ಲ. ಮನುಷ್ಯರನ್ನು ಮತ್ತೆ ಎಣಿಸುವ ಸರಕಾಗಿಸಿದರಲ್ಲ! ಅಂದಹಾಗೆ, ಕಥೆ ನಡೆಯುವುದು 1735ರ ಸುಮಾರಿಗೆ, ಇಂದಿನ ಹೈಟಿಯ ಪೋರ್ಟ್-ಓ-ಪ್ರಿನ್ಸ್ ನಗರದಲ್ಲಿ; ಆ ನಗರ ಸ್ಥಾಪನೆಯಾದದ್ದೇ 1749ರಲ್ಲಿ. ಹೋಗಲಿ ಬಿಡಿ. ಕಪ್ಪು ಕಡಲ್ಗಳ್ಳ ಮಾತ್ರ ಕಟ್ಟುಕಥೆಯಲ್ಲ: 1718ರಲ್ಲಿ ಕುಖ್ಯಾತ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್ ಹತನಾದಾಗ, ಅವನ ಹಡಗಿನ ಸಿಡಿಮದ್ದಿನ ಕೋಣೆಯನ್ನು ಸಿಡಿಸಲು ಕಿಡಿ ಹಿಡಿದು ಕಾದಿದ್ದವನು ಒಬ್ಬ ಕಪ್ಪು ನಾವಿಕನೆಂದು ಆ ಕಾಲದ ಬರಹಗಳೇ ಹೇಳುತ್ತವೆ.