ಪಾಯಿಂಟ್ ಒಂದೈದು ಮಗು

ಅಮೆರಿಕದ ಮಿಶಿಗನ್ ರಾಜ್ಯ. ಚರ್ಚು ನಡೆಸುವ ಖಾಸಗಿ ಶಾಲೆಯಲ್ಲಿ ಓದುವ ಹುಡುಗಿಗೆ ಬೀಜಗಣಿತ ತಲೆಗೆ ಹತ್ತುತ್ತಿಲ್ಲ ಎಂದಿಟ್ಟುಕೊಳ್ಳಿ. ಅವಳ ತಾಯಿ ಬೀದಿ ಕೊನೆಯ ಸರ್ಕಾರಿ ಶಾಲೆಗೆ ಹೋಗಿ, ನಾವೂ ತೆರಿಗೆ ಕಟ್ಟುವವರೇ, ದಿನಕ್ಕೊಂದು ಪೀರಿಯಡ್ ಲೆಕ್ಕ ಹೇಳಿಕೊಡಿ ಎಂದು ಕೇಳಿದರೆ ಸಿಗುವ ಉತ್ತರ: ಆಗೋದಿಲ್ಲಮ್ಮ, ಲೆಕ್ಕ ಅತ್ಯವಶ್ಯಕ ವಿಷಯ, ಅದನ್ನು ಕಲಿಸಿದರೆ ನಮಗೆ ರಾಜ್ಯದಿಂದ ದುಡ್ಡು ಬರೋದಿಲ್ಲ. ಅದೇ ತಾಯಿ, ಹೋಗಲಿ, ಡ್ರಮ್ ಬಡಿಯುವುದನ್ನಾದರೂ ಕಲಿಸಿ ಅನ್ನಲಿ. ಬನ್ನಿ, ಕೂತ್ಕೊಳ್ಳಿ, ಈ ಫಾರ್ಮ್ ತುಂಬಿ. ಡ್ರಮ್ ಅನವಶ್ಯಕ. ಅನವಶ್ಯಕ ಆಗಿರುವುದರಿಂದಲೇ ಅದು ನಿಮ್ಮ ಮಗಳ ಹಕ್ಕು.

ಇದು ಕುಹಕವಲ್ಲ, ಕಾನೂನಿನ ಭಾಷೆ. 1970ರಲ್ಲಿ ಮಿಶಿಗನ್ ಮತದಾರರು ಖಾಸಗಿ ಶಾಲೆಗಳಿಗೆ ಸರ್ಕಾರದ ಒಂದು ಕಾಸೂ ಹೋಗಕೂಡದೆಂದು ಸಂವಿಧಾನವನ್ನೇ ತಿದ್ದಿದರು. ಮರುವರ್ಷವೇ ಅಲ್ಲಿನ ಸುಪ್ರೀಂ ಕೋರ್ಟು, ಕಾಸು ಖಾಸಗಿ ಶಾಲೆಗೆ ಹೋಗುವುದು ಬೇರೆ, ಖಾಸಗಿ ಶಾಲೆಯ ಮಗು ಸರ್ಕಾರಿ ಮೇಷ್ಟರ ಕೈಕೆಳಗೆ ಒಂದೆರಡು ತರಗತಿ ಕೂರುವುದು ಬೇರೆ ಎಂದು ಬಾಗಿಲನ್ನು ಒಂದು ಗೇಣು ತೆರೆಯಿತು. 1984ರಲ್ಲಿ ಶಾರ್ಲಟ್ ಊರಿನ ಆರನೇ ತರಗತಿಯ ಬ್ಯಾಂಡ್ ಪ್ರಕರಣ ಬಂತು. ಕ್ರೈಸ್ತ ಶಾಲೆಯೊಂದರ ವಿದ್ಯಾರ್ಥಿನಿಗೆ ಸರ್ಕಾರಿ ಶಾಲೆಯ ಬ್ಯಾಂಡ್‌ನಲ್ಲಿ ಜಾಗ ಬೇಕಿತ್ತು. ಕೋರ್ಟು ಪಠ್ಯಕ್ರಮವನ್ನೆಲ್ಲ ಎರಡು ರಾಶಿ ಮಾಡಿತು. ಅವಶ್ಯಕ ಒಂದು ಕಡೆ, ಅನವಶ್ಯಕ ಐಚ್ಛಿಕ ಇನ್ನೊಂದು ಕಡೆ. ಎರಡನೇ ರಾಶಿಯಲ್ಲಿ ಇರುವುದನ್ನು ಸರ್ಕಾರಿ ಶಾಲೆ ತನ್ನ ಮಕ್ಕಳಿಗೆ ಕಲಿಸುತ್ತಿದ್ದರೆ ಹೊರಗಿನವರಿಗೂ ಕಲಿಸತಕ್ಕದ್ದು.

ರಾಶಿಯನ್ನು ಕೆದಕಿ ನೋಡಿದರೆ ಇನ್ನೂ ಸ್ವಾರಸ್ಯ. ಬ್ಯಾಂಡ್, ಚಿತ್ರಕಲೆ, ಮರಗೆಲಸ, ಅಡುಗೆ-ಹೊಲಿಗೆ, ಇವು ಅನವಶ್ಯಕ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. (ಅಡುಗೆ ಅನವಶ್ಯಕ ಎಂದ ನ್ಯಾಯಮೂರ್ತಿಗಳು ಆ ರಾತ್ರಿ ಏನುಂಡರೋ.) ಆದರೆ ಅದೇ ರಾಶಿಯಲ್ಲಿ ಉನ್ನತ ಗಣಿತ ಮತ್ತು ಉನ್ನತ ವಿಜ್ಞಾನವೂ ಸೇರಿವೆ. ಅಂದರೆ ಕೂಡಿಸಿ ಕಳೆಯಲು ಬಾರದ ಮಗುವಿಗೆ ಸರ್ಕಾರಿ ಬಾಗಿಲು ಬಂದ್. ಕ್ಯಾಲ್ಕುಲಸ್ ಮಟ್ಟ ಮುಟ್ಟಿದ ಮಗುವಿಗೆ ರತ್ನಗಂಬಳಿ. ಹಸಿದವನಿಗೆ ಅನ್ನವಿಲ್ಲ, ಊಟ ಮುಗಿಸಿ ಬಂದವನಿಗೆ ಮಾತ್ರ ಎಲೆಯಡಿಕೆ ಉಚಿತ.

ಮಾತು ಮುಂದುವರಿಸುವ ಮೊದಲು ಒಂದು ಸ್ಪಷ್ಟನೆ. ಅಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ನಿಜವಾಗಿ ಸರ್ಕಾರಿ ಶಾಲೆ. ಬೆಂಗಳೂರಿನ ಅರ್ಥದಲ್ಲಿ, ಪಬ್ಲಿಕ್ಕನ್ನು ಗೇಟಿನಾಚೆ ನಿಲ್ಲಿಸಿಕೊಂಡು ಫೀಸು ಎಣಿಸುವ ಜಾಗ ಅಲ್ಲ.

ಈಗ ಮಗುವನ್ನು ಕತ್ತರಿಸುವ ವಿಧಾನ. ಹೀಗೆ ಬರುವ ಮಗು ಎಷ್ಟು ಗಂಟೆ ಕೂರುತ್ತದೋ ಅಷ್ಟಕ್ಕೆ ಮಾತ್ರ ಶಾಲೆಗೆ ರಾಜ್ಯದ ಹಣ. ಮಿಶಿಗನ್‌ನಲ್ಲಿ ಒಂದು ಪೂರ್ಣ ವಿದ್ಯಾರ್ಥಿ ಎಂದರೆ ವರ್ಷಕ್ಕೆ 1,098 ಗಂಟೆ, 180 ದಿನ, ದಿನಕ್ಕೆ 6.1 ಗಂಟೆ ಬೀಳುತ್ತದೆ. ಬ್ಯಾಂಡ್ ತರಗತಿ 55 ನಿಮಿಷದ್ದಾದರೆ 180 ದಿನಕ್ಕೆ 165 ಗಂಟೆ. 165ನ್ನು 1,098ರಿಂದ ಭಾಗಿಸಿ. 0.15. ಇದೀಗ ನಿಮ್ಮ ಮುಂದೆ ಡ್ರಮ್ ಕೋಲು ಹಿಡಿದು ನಿಂತಿರುವುದು ಮಗುವಲ್ಲ, ಪಾಯಿಂಟ್ ಒಂದೈದು ಮಗು. 2023-24ರಲ್ಲಿ ಇಡೀ ಮಗುವಿಗೆ ರಾಜ್ಯದ ಮೂಲ ಅನುದಾನ 9,608 ಡಾಲರ್. ಈ ತುಣುಕಿಗೆ ಸುಮಾರು 1,441. ಜೊತೆಗೆ ಚಿತ್ರಕಲೆಯನ್ನೂ ತೆಗೆದುಕೊಂಡರೆ 0.30. ನಮ್ಮ ಹಳೇ ಶಾನುಭೋಗರು ಕಾಲು, ಅರೆ, ಹಾಗ, ವೀಸ ಎಂದೆಲ್ಲ ಕಡತದಲ್ಲಿ ಬರೆದರೂ ಅದು ಹೊಲಕ್ಕೆ, ರಾಗಿಗೆ, ಹಣಕ್ಕೆ. ಮಕ್ಕಳಿಗೆ ಕೈ ಹಾಕಿರಲಿಲ್ಲ.

ಚತುರ ಓದುಗರು ಈಗಾಗಲೇ ಗುಣಿಸಿರುತ್ತಾರೆ: 55 ನಿಮಿಷದ ಆರು ಪೀರಿಯಡ್ ಕೂತರೂ 990 ಗಂಟೆಯೇ ಆಗುವುದು, 0.90 ಮಗು, ಮಿಕ್ಕಿದ್ದು ಎಲ್ಲಿ? ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆಯುವ ಐದೈದು ನಿಮಿಷವೂ ಪಾಠದ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿನ ಮಕ್ಕಳು ಹೆಚ್ಚುಕಡಿಮೆ ಸಂಪೂರ್ಣರಾಗುವುದು ಕಾರಿಡಾರಿನಲ್ಲಿ.

ಮನೆಯಲ್ಲೇ ಓದುವ ಹೋಮ್‌ಸ್ಕೂಲ್ ಮಕ್ಕಳ ವಿಷಯಕ್ಕೆ ಬಂದರೆ ಈ ದಶಮಾಂಶ ಪ್ರೀತಿ ಇನ್ನೂ ಮುದ್ದಾಗಿ ಕಾಣುತ್ತದೆ. ಮಿಶಿಗನ್‌ನಲ್ಲಿ 1996ರಿಂದ, ಮಗುವಿಗೆ ಮನೆಯಲ್ಲೇ ಕಲಿಸುತ್ತೇವೆ ಎಂದು ಅಪ್ಪ ಅಮ್ಮ ಯಾರಿಗೂ ತಿಳಿಸಬೇಕಾಗಿಲ್ಲ. ಓದು, ಕಾಗುಣಿತ, ಗಣಿತ, ವಿಜ್ಞಾನ, ಇತಿಹಾಸ, ಪೌರನೀತಿ, ಸಾಹಿತ್ಯ, ಬರವಣಿಗೆ, ವ್ಯಾಕರಣ ಎಂದು ಕಾನೂನು ವಿಷಯಗಳ ಪಟ್ಟಿ ಕೊಟ್ಟಿದೆ. ಕಲಿಸಿದರೋ ಇಲ್ಲವೋ ಎಂದು ಕೇಳುವವರಿಲ್ಲ, ಪರೀಕ್ಷೆಯಿಲ್ಲ, ನೋಂದಣಿ ಕಡ್ಡಾಯವಲ್ಲ. ರಾಜ್ಯದಲ್ಲಿ ಅಂಥ ಮಕ್ಕಳು ಒಟ್ಟು ಎಷ್ಟು ಎಂಬ ಪಟ್ಟಿ ಸರ್ಕಾರದ ಬಳಿ ಇಲ್ಲ. ಆದರೆ ಅವರಲ್ಲೊಂದು ಮಗು ಕ್ಲಾರಿನೆಟ್ ಊದಲು ಸರ್ಕಾರಿ ಶಾಲೆಯ ಹೊಸಿಲು ತುಳಿಯಿತೋ, ಎರಡು ದಶಮಾಂಶ ಸ್ಥಾನದವರೆಗೆ ಲೆಕ್ಕ ಶುರು. ಒಂಬತ್ತು ವಿಷಯ ಕಲಿಯುವ ಇಡೀ ಮಗು ಅದೃಶ್ಯ. ಕ್ಲಾರಿನೆಟ್ಟಿನ ಪಾಯಿಂಟ್ ಒಂದೈದಕ್ಕೆ ಮಾತ್ರ ಗುರುತಿನ ಸಂಖ್ಯೆ.

ಇಷ್ಟೆಲ್ಲ ಆಗಿ ತರಗತಿ ಸಿಕ್ಕಿತು ಅನ್ನಿ. ಅಲ್ಲಿಂದ ಮುಂದೆ ಕಾನೂನು ಕೈ ಬಿಡುತ್ತದೆ, ಗಂಟೆ ಬಾರಿಸುವವನು ಕೈ ಹಿಡಿಯುತ್ತಾನೆ. ಮುಂದಿನ ವರ್ಷದ ವೇಳಾಪಟ್ಟಿಯ ಕೆಲಸ ಸಾಮಾನ್ಯವಾಗಿ ಫೆಬ್ರವರಿ-ಮಾರ್ಚಿನಲ್ಲೇ ಶುರುವಾಗುತ್ತದೆ. ಆಗಸ್ಟ್‌ನಲ್ಲಿ ಫಾರ್ಮ್ ಹಿಡಿದು ಹೋದವರಿಗೆ ಹಕ್ಕು ಇರುತ್ತದೆ, ಕುರ್ಚಿ ಇರುವುದಿಲ್ಲ. ವಾಸದ ದಾಖಲೆ, ಜನನ ಪತ್ರ, ಲಸಿಕೆ ಪಟ್ಟಿ ಎಲ್ಲ ಇಡೀ ಮಗುವಿಗೆ ಕೇಳಿದಷ್ಟೇ ಕೇಳುತ್ತಾರೆ. ಶೇಕಡಾ 15ರಷ್ಟು ಲಸಿಕೆ ಸಾಕು ಎಂದು ಯಾರೂ ಹೇಳುವುದಿಲ್ಲ. ಬ್ಯಾಂಡ್ ಶುರುವಾಗುವುದು ಐದು ಅಥವಾ ಆರನೇ ತರಗತಿಯಲ್ಲಿ. ಎಂಟರಲ್ಲಿ ಬಂದರೆ ಹೊಸಬರ ತರಗತಿಯೇ ಇರದು, ಜೊತೆಯವರೆಲ್ಲ ಸ್ವರಲಿಪಿ ಓದುವಾಗ ನಿಮ್ಮ ಹುಡುಗ ವಾದ್ಯ ಯಾವ ಕಡೆಯಿಂದ ಊದುವುದು ಎಂದು ನೋಡುತ್ತಿರುತ್ತಾನೆ. ಇನ್ನು ಡ್ರಮ್. ಡ್ರಮ್ ಎಲ್ಲರಿಗೂ ಬೇಕು. ಬ್ಯಾಂಡ್ ಮೇಷ್ಟರಿಗೆ ಬೇಕಿರುವುದು ಟ್ರೊಂಬೋನ್ ಎಂಬ ಉದ್ದನೆಯ ಹಿತ್ತಾಳೆ ಊದುವಾದ್ಯ. ಆಮೇಲೆ ಬಂದವರ ಕೈಗೆ ಬರುವುದೂ ಟ್ರೊಂಬೋನೇ, ಅದೂ ತಿಂಗಳ ಬಾಡಿಗೆಗೆ.

ಅತಿ ಹೆಚ್ಚು ಎಡವಟ್ಟಾಗುವುದು ಅರ್ಧ ದಿನದ ಶಾಲೆಯಲ್ಲಿ. ಮಾಮೂಲಿ ದಿನ 7:40ಕ್ಕೆ ಶುರುವಾಗುವ ಶಾಲೆಯಲ್ಲಿ ಮೂರನೇ ಪೀರಿಯಡ್ 9:40ಕ್ಕೆ. ಶಿಕ್ಷಕರ ಸಭೆಗೆಂದು ಅರ್ಧ ದಿನ ಮಾಡಿದಾಗ ಪೀರಿಯಡ್ 30 ನಿಮಿಷಕ್ಕೆ ಇಳಿಯುತ್ತದೆ, ಮೂರನೆಯದು 8:50ಕ್ಕೇ ಶುರುವಾಗಿ 9:20ಕ್ಕೆ ಮುಗಿಯುತ್ತದೆ. ಪೂರ್ಣಾವಧಿ ಮಕ್ಕಳಿಗೆ ತೊಂದರೆಯಿಲ್ಲ, ಬೆಳಿಗ್ಗೆಯಿಂದ ಅಲ್ಲೇ ಇರುತ್ತಾರೆ. 9:35ಕ್ಕೆ ಕಾರಿನಿಂದ ಇಳಿಯುವ ಪಾಯಿಂಟ್ ಒಂದೈದಿಗೆ ಕಾಣುವುದು ಖಾಲಿ ಬ್ಯಾಂಡ್ ಕೋಣೆ, ಮಡಚಿಟ್ಟ ಸ್ಟ್ಯಾಂಡುಗಳು. ಇನ್ನು ಹಾಜರಿ ಸಾಫ್ಟ್‌ವೇರಿನಲ್ಲಿ ಮಗುವನ್ನು ಅರೆಕಾಲಿಕ ಎಂದು ನಮೂದಿಸಲು ಗುಮಾಸ್ತರು ಮರೆತಿದ್ದರಂತೂ ಮುಗಿಯಿತು: ನಿಮ್ಮ ಮಗು ಇಂದು 1, 2, 4, 5, 6ನೇ ಪೀರಿಯಡ್‌ಗೆ ಗೈರು ಎಂದು ಸಂಜೆ ಯಂತ್ರ ಫೋನು ಮಾಡುತ್ತದೆ. ನಾಳೆಯೂ ಮಾಡುತ್ತದೆ. ಒಂದನೇ ಮತ್ತು ಆರನೇ ಪೀರಿಯಡ್ ಮಾತ್ರ ಸಿಕ್ಕವರ ಪಾಡು ಬೇರೆ. ನಡುವಿನ ನಾಲ್ಕು ಗಂಟೆ ಆ ಮಗು ಕಾನೂನಿನ ಪ್ರಕಾರ ಆ ಕಟ್ಟಡದ್ದಲ್ಲ, ಆದ್ದರಿಂದ ಅಮ್ಮ ದಿನಕ್ಕೆ ಎರಡು ಸಲ ಒಯ್ದು ಎರಡು ಸಲ ತರಬೇಕು.

ಆಗಸ್ಟ್‌ನ ಬಿಸಿಲಲ್ಲಿ ಮೈದಾನದಲ್ಲಿ ಕವಾಯತು ಮಾಡುವ ಮಾರ್ಚಿಂಗ್ ಬ್ಯಾಂಡ್ ಶಿಬಿರ, ಸಂಜೆಯ ಸಂಗೀತ ಕಛೇರಿ, ಇವಕ್ಕೆಲ್ಲ ಹಾಜರಾತಿ ಬೇಕು, ಅಂಕವೂ ಉಂಟು. ಆದರೆ 0.15ರಲ್ಲಿ ಅವು ಸೇರುವುದಿಲ್ಲ. ಹಗಲಿನ ಶಾಲಾ ವೇಳೆಯಷ್ಟೇ ಲೆಕ್ಕ.

ಮಗುವೇ ಏಕೆ ಓಡಾಡಬೇಕು, ಮೇಷ್ಟರೇ ಖಾಸಗಿ ಶಾಲೆಗೆ ಹೋಗಲಿ ಎಂದು ಯೋಚಿಸಿದ ಊರೂ ಅದೇ ರಾಜ್ಯದಲ್ಲಿದೆ. ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಸರ್ಕಾರಿ ಶಾಲಾ ಜಿಲ್ಲೆ 1976-77ರಲ್ಲಿ ಶುರು ಮಾಡಿದ ಏರ್ಪಾಡು ಹೀಗಿತ್ತು. ಖಾಸಗಿ ಶಾಲೆಯ ಒಂದು ಕೋಣೆಯನ್ನು ವಾರಕ್ಕೆ 6 ಡಾಲರ್ ಬಾಡಿಗೆಗೆ ಹಿಡಿಯುವುದು. ಸರ್ಕಾರಿ ಮೇಷ್ಟರು ಅಲ್ಲಿಗೆ ಹೋಗಿ ಚಿತ್ರಕಲೆ, ಸಂಗೀತ, ವ್ಯಾಯಾಮ ಇತ್ಯಾದಿ ಕಲಿಸುವುದು. ಅಷ್ಟು ಹೊತ್ತು ಬಾಗಿಲಿಗೆ ‘ಇದು ಸರ್ಕಾರಿ ಶಾಲಾ ಕೊಠಡಿ’ ಎಂಬ ಬೋರ್ಡು ನೇತುಹಾಕುವುದು, ಗೋಡೆಯ ಮೇಲಿನ ಶಿಲುಬೆ ಮುಂತಾದ ಧಾರ್ಮಿಕ ಚಿಹ್ನೆಗಳನ್ನು ತೆಗೆದಿಡುವುದು. ಪಕ್ಕದ ಪಡಸಾಲೆಯಲ್ಲಿ ಶಿಲುಬೆ ಇದ್ದರೆ ಅಡ್ಡಿಯಿಲ್ಲ ಎಂದು ನಿಯಮದಲ್ಲೇ ಇತ್ತು. ಮಡಿಯುಟ್ಟ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುಮನೆಯಲ್ಲಿ ಮುಟ್ಟಿದರೆ ನಡೆಯುತ್ತದೆ, ಅಡುಗೆಮನೆ ಹೊಸಿಲು ದಾಟಿದರೆ ಮೈಲಿಗೆ. ಪೀರಿಯಡ್ ಮುಗಿದ ಮೇಲೆ ಬೋರ್ಡು ಇಳಿಯಿತು, ದೇವರು ಮರಳಿ ಮೊಳೆಗೆ ಬಂದ. ಅದೇ ಬೆಂಚು, ಅದೇ ಮಕ್ಕಳು. ಹೀಗೆ ಬಾಡಿಗೆ ಪಡೆದ ಶಾಲೆಗಳು 41, ಅವುಗಳಲ್ಲಿ 40 ಧಾರ್ಮಿಕ ಸಂಸ್ಥೆಗಳವು.

ಸಂಜೆಯ ಇನ್ನೊಂದು ಕಾರ್ಯಕ್ರಮವೂ ಇತ್ತು. ಚೆಸ್, ಸ್ಪ್ಯಾನಿಷ್, ಜಿಮ್ನಾಸ್ಟಿಕ್ಸ್, ನಾಟಕ, ಜೊತೆಗೆ ಕ್ರಿಸ್‌ಮಸ್ ಕರಕುಶಲ. ಶಿಲುಬೆ ತೆಗೆದ ಗೋಡೆಯ ಕೆಳಗೆ ಕೂತು ಸರ್ಕಾರಿ ಖರ್ಚಿನಲ್ಲಿ ಕ್ರಿಸ್‌ಮಸ್ ನಕ್ಷತ್ರ ಕತ್ತರಿಸಿದರೆ ಮಡಿಗೆ ಭಂಗವಿಲ್ಲ ಎಂದು ಯಾರು ತೀರ್ಮಾನಿಸಿದರೋ, ಅವರಿಗೆ ದೊಡ್ಡ ನಮಸ್ಕಾರ.

1985ರ ಜುಲೈ 1ರಂದು ಅಮೆರಿಕದ ಸುಪ್ರೀಂ ಕೋರ್ಟು, ಸರ್ಕಾರ ಧರ್ಮಕ್ಕೆ ನೆರವಾಗುವುದು ಸಂವಿಧಾನಕ್ಕೆ ವಿರುದ್ಧ ಎಂದು, ಎರಡನ್ನೂ ರದ್ದು ಮಾಡಿತು. ಅದೇ ದಿನ ನ್ಯೂಯಾರ್ಕ್ ನಗರದ ಮೇಲೂ ಒಂದು ತೀರ್ಪು ಬಿತ್ತು. ನಿಜವಾದ ಸರ್ಕಸ್ಸು ಅಲ್ಲಿಂದ ಶುರು. ನ್ಯೂಯಾರ್ಕಿನದು ಐಚ್ಛಿಕ ವಿಷಯವಲ್ಲ, ಓದು-ಲೆಕ್ಕದಲ್ಲಿ ಹಿಂದುಳಿದ ಬಡಮಕ್ಕಳಿಗೆ ಕೇಂದ್ರದ ಹಣದಲ್ಲಿ ಮರುಪಾಠ. ಸರ್ಕಾರಿ ಮೇಷ್ಟರು ಧಾರ್ಮಿಕ ಶಾಲೆಯ ಒಳಗೆ ಕಾಲಿಡುವಂತಿಲ್ಲ ಎಂದು ಕೋರ್ಟು ಹೇಳಿದ ಮೇಲೆ ನಗರ ವ್ಯಾನುಗಳನ್ನು ತರಗತಿಗಳಾಗಿ ಮಾರ್ಪಡಿಸಿ ಶಾಲೆಗಳ ಹತ್ತಿರ ಬೀದಿಯಲ್ಲಿ ನಿಲ್ಲಿಸಿತು. ಮಗು ಒಳಗಿನ ಬೆಂಚಿನಿಂದ ಎದ್ದು ಗೇಟು ದಾಟಿ ವ್ಯಾನು ಹತ್ತಿ ಎರಡಕ್ಷರ ಓದಿ ಮತ್ತೆ ಒಳಗೆ ಹೋಗುವುದು. ಮಳೆಯಲ್ಲೂ, ಹಿಮದಲ್ಲೂ. ಕಂಪ್ಯೂಟರ್ ಮೂಲಕ ಪಾಠವಾದರೆ ಮಾತ್ರ ಶಾಲೆಯ ಒಳಗೇ ನಡೆಯಬಹುದಿತ್ತು, ಏಕೆಂದರೆ ಅಲ್ಲಿ ಸರ್ಕಾರಿ ಮೇಷ್ಟರು ಖುದ್ದಾಗಿ ಇರಬೇಕಾಗಿರಲಿಲ್ಲ. ಮನುಷ್ಯನಿಗೆ ತಟ್ಟುವ ಮೈಲಿಗೆ ಯಂತ್ರಕ್ಕೆ ತಟ್ಟುವುದಿಲ್ಲ. ವ್ಯಾನು, ಬಾಡಿಗೆ ಕಟ್ಟಡ, ಕಂಪ್ಯೂಟರು, ಮಕ್ಕಳ ಸಾಗಣೆ ಎಂದು 1986-87ರಿಂದ ಕೆಲವೇ ವರ್ಷಗಳಲ್ಲಿ ಖರ್ಚಾದದ್ದು 10 ಕೋಟಿ ಡಾಲರಿಗೂ ಹೆಚ್ಚು. ಪಾಠಕ್ಕಲ್ಲ, ಪಾಠವನ್ನು ಹೊಸಿಲಿನಿಂದ ದೂರ ಇಡುವುದಕ್ಕೆ.

1997ರ ಜೂನ್ 23ರಂದು ಅದೇ ಕೋರ್ಟು, ಹಿಂದೆ ಹೇಳಿದ್ದು ಸರಿಯಿರಲಿಲ್ಲ, ಮೇಷ್ಟರು ಒಳಗೆ ಹೋಗಬಹುದು ಎಂದಿತು. ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಹಗಲಿನ ಏರ್ಪಾಡಿಗೂ ಮಾಫಿ ಸಿಕ್ಕಿತು. 1985ರಲ್ಲಿ ಭಿನ್ನಮತ ಬರೆದಿದ್ದ ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್ ಅವರೇ ಈಗ ಬಹುಮತದ ತೀರ್ಪು ಬರೆದರು. ನಡುವೆ ಹೋದದ್ದು 12 ವರ್ಷ. ಮೊದಲ ತೀರ್ಪಿನ ವರ್ಷ ಒಂದನೇ ತರಗತಿಗೆ ಸೇರಿದ ಮಗು ಇಡೀ ಶಾಲೆಯನ್ನು ವ್ಯಾನಿನ ಮೆಟ್ಟಿಲ ಮೇಲೆ ಮುಗಿಸಿತು.

ಬೇರೆ ರಾಜ್ಯಗಳದ್ದು ಬೇರೆ ಬೇರೆ ತಕ್ಕಡಿ. ಪೆನ್ಸಿಲ್ವೇನಿಯಾ 2022ರ ಕಾನೂನಿನಲ್ಲಿ ಹೋಮ್‌ಸ್ಕೂಲ್ ಮಕ್ಕಳಿಗೆ ಶಾಲಾ ದಿನದ ಕನಿಷ್ಠ ಕಾಲು ಭಾಗದಷ್ಟು ಪಾಠ ಎಂದು ಅಳೆದು ಕೊಟ್ಟಿದೆ. ಅಯೋವಾದಲ್ಲಿ ಸೆಪ್ಟೆಂಬರ್ 15ರೊಳಗೆ ಅರ್ಜಿ. ವಾಷಿಂಗ್ಟನ್ ರಾಜ್ಯದಲ್ಲಿ ಖಾಸಗಿ ಶಾಲೆಯ ಮಗು ತನ್ನ ಶಾಲೆಯಲ್ಲಿ ಸಿಗದ ವಿಷಯವನ್ನು ಮಾತ್ರ ಕೇಳಬಹುದು. ಅಲ್ಲಿ ಕೆಟ್ಟದಾಗಿ ಕಲಿಸುವ ಸಂಗೀತ ಇದ್ದರೂ ‘ಇದೆ’ ಎಂದೇ ಅರ್ಥ. ಇದಕ್ಕೆಲ್ಲ ಎದುರಾಗಿ ಒಕ್ಲಹೋಮಾದ ಗಥ್ರಿ ಊರಿನ ಶಾಲಾ ಮಂಡಳಿ, ಬಂದರೆ ಇಡೀ ಮಗು ಬರಲಿ, ತುಂಡು ಮಗು ಬೇಡ ಎಂದು ನಿಯಮ ಮಾಡಿತು. ಅರೆಕಾಲಿಕ ಮಕ್ಕಳಿಗೆ ಅಲ್ಲಿ ರಾಜ್ಯದ ಅನುದಾನ ಇರಲಿಲ್ಲ, ಅಷ್ಟೇ ಕಾರಣ. ಒಂದೆರಡು ತರಗತಿ ಕೇಳಿದ ಹೋಮ್‌ಸ್ಕೂಲ್ ಹುಡುಗಿಯ ಮನೆಯವರು ಕೋರ್ಟಿಗೆ ಹೋಗಿ 1998ರಲ್ಲಿ ಸೋತರು. ದಶಮಾಂಶ ಬಲ್ಲ ರಾಜ್ಯದಲ್ಲಿ ಹುಟ್ಟಬೇಕಿತ್ತು.

ಮಿಶಿಗನ್‌ನಲ್ಲಿ ಈ ದಶಮಾಂಶಗಳೆಲ್ಲ ಹಣವಾಗಿ ಮಾರ್ಪಡುವ ಪುಣ್ಯಕಾಲ ವರ್ಷಕ್ಕೆ ಎರಡು ಸಲ ಬರುತ್ತದೆ. ಅಕ್ಟೋಬರ್‌ನ ಮೊದಲ ಬುಧವಾರ, ಫೆಬ್ರವರಿಯ ಎರಡನೇ ಬುಧವಾರ. ತಲೆ ಎಣಿಕೆಯ ದಿನ. ಸಾಮಾನ್ಯವಾಗಿ ಅನುದಾನದಲ್ಲಿ ಅಕ್ಟೋಬರ್‌ನ ತೂಕ ಶೇಕಡಾ 90, ಫೆಬ್ರವರಿಯದು 10. ಆ ದಿನ ಕಾರಣ ಹೇಳದೆ ತಪ್ಪಿಸಿಕೊಂಡ ಮಗು ಮುಂದಿನ 10 ಶಾಲಾ ದಿನಗಳೊಳಗೆ, ಅನುಮತಿ ಪಡೆದು ತಪ್ಪಿಸಿಕೊಂಡದ್ದು 30 ದಿನಗಳೊಳಗೆ ಹಾಜರಾಗದಿದ್ದರೆ ಲೆಕ್ಕದಿಂದ ಔಟು. ಹಾಗಾಗಿ ಅನೇಕ ಶಾಲೆಗಳು ಅಂದು ಮಕ್ಕಳನ್ನು ಪಿಜ್ಜಾ, ಐಸ್‌ಕ್ರೀಂ ಎಂದು ಕರೆಯುತ್ತವೆ. ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವವರೂ ಅಷ್ಟು ಅಕ್ಕರೆ ತೋರುವುದಿಲ್ಲ.

ಎಂಟು ತುಂಡಿನ ಪಿಜ್ಜಾದಲ್ಲಿ 0.15 ಎಂದರೆ ಒಂದೂಕಾಲು ತುಂಡಿಗೆ ಚೂರು ಕಮ್ಮಿ. ಆದರೆ ಪಿಜ್ಜಾ ಹಂಚುವುದು ಮಧ್ಯಾಹ್ನದ ಊಟದ ಹೊತ್ತಿಗೆ, ಟ್ರೊಂಬೋನಿನ ಪೀರಿಯಡ್ ಮುಗಿಯುವುದು 10:35ಕ್ಕೆ. ಅಷ್ಟರಲ್ಲಿ ಹೆಸರಿನ ಮುಂದೆ ಗುರುತು ಬಿದ್ದಿರುತ್ತದೆ, ಅಮ್ಮನ ಕಾರು ಹೊರಟಿರುತ್ತದೆ.