ಸ್ಪಷ್ಟನೆ: 1992ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ‘ದಿ ಬ್ಲೂ ಅಂಬ್ರೆಲಾ’ಗೆ ಬಂದದ್ದಲ್ಲ

ಮಡಿಕೇರಿ, ವಿರಾಜಪೇಟೆ ಕಡೆಯ ಶಾಲಾ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಳೆ ರಜೆಯ ಓದಿಗೆಂದು ಒಂದು ಸಂದೇಶ ಓಡಾಡುತ್ತಿದೆ: ಇಂಗ್ಲಿಷಿನಲ್ಲಿ ಬರೆಯುವ ಭಾರತೀಯ ಲೇಖಕ ರಸ್ಕಿನ್ ಬಾಂಡ್ ಅವರ ಮೊದಲ ಕಾದಂಬರಿ ‘ದಿ ಬ್ಲೂ ಅಂಬ್ರೆಲಾ’, 1992ರಲ್ಲಿ ಅದಕ್ಕೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಎಂದು. ಎರಡೂ ತಪ್ಪು.

ಮೊದಲ ಕಾದಂಬರಿ ‘ದಿ ರೂಮ್ ಆನ್ ದಿ ರೂಫ್’. ಹದಿನೇಳರ ಹರೆಯದಲ್ಲಿ ಬರೆದದ್ದು. 1956ರಲ್ಲಿ ಪ್ರಕಟವಾಗಿ, 1957ರಲ್ಲಿ ಬ್ರಿಟನ್ನಿನ ಜಾನ್ ಲೆವೆಲಿನ್ ರೀಸ್ ಸಾಹಿತ್ಯ ಪ್ರಶಸ್ತಿ ಪಡೆಯಿತು. ಅಕಾಡೆಮಿಯ ಪ್ರಶಸ್ತಿ ಪಟ್ಟಿಯಲ್ಲಿ 1992ರ ಇಂಗ್ಲಿಷ್ ವಿಭಾಗದಲ್ಲಿರುವುದು ‘ಅವರ್ ಟ್ರೀಸ್ ಸ್ಟಿಲ್ ಗ್ರೋ ಇನ್ ಡೆಹ್ರಾ’ ಎಂಬ ಕಥಾಸಂಕಲನ. 2012ರಲ್ಲಿ ಅಕಾಡೆಮಿಯೇ ಅವರಿಗೆ ಕೊಟ್ಟ ಬಾಲ ಸಾಹಿತ್ಯ ಪುರಸ್ಕಾರ ಬೇರೆಯೇ, ಅದು ಒಂದೇ ಪುಸ್ತಕಕ್ಕಲ್ಲ, ಮಕ್ಕಳ ಸಾಹಿತ್ಯಕ್ಕೆ ಅವರು ಕೊಟ್ಟ ಒಟ್ಟು ಕೊಡುಗೆಗೆ.

‘ದಿ ಬ್ಲೂ ಅಂಬ್ರೆಲಾ’ ಹಿಮಾಲಯದ ಗಢವಾಲ ಸೀಮೆಯ ಬಿನ್ಯಾ ಎಂಬ ಹುಡುಗಿಯ ಕಥೆ ಹೇಳುವ ಕಿರುಕಾದಂಬರಿ. ಕೊರಳಿನ ಚಿರತೆಯುಗುರಿನ ತಾಯಿತ ಕೊಟ್ಟು ಅವಳು ನೀಲಿ ಕೊಡೆ ಪಡೆಯುತ್ತಾಳೆ. ಅಂಗಡಿಯ ರಾಮ್ ಭರೋಸಾನಿಗೆ ಅದರ ಮೇಲೆ ಕಣ್ಣು. ಮಕ್ಕಳು ಖಂಡಿತ ಓದಲಿ. ಇದನ್ನು ಆಧರಿಸಿದ ವಿಶಾಲ್ ಭಾರದ್ವಾಜ್ ಅವರ ಸಿನಿಮಾಕ್ಕೆ ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಬಂದಿದೆ. ಗೊಂದಲ ಅಲ್ಲಿಂದ ಹುಟ್ಟಿರಬಹುದು.

ದಯವಿಟ್ಟು ಹಳೆಯ ಸಂದೇಶವನ್ನು ಮುಂದೆ ಕಳಿಸಬೇಡಿ. ರಸಪ್ರಶ್ನೆಯ ಹಾಳೆಗೆ ಅದನ್ನು ಇಳಿಸಿಕೊಂಡ ಶಿಕ್ಷಕರು ಆ ಎರಡು ಉತ್ತರಗಳನ್ನು ತಿದ್ದಿಕೊಳ್ಳಿ.