ಇಬ್ಬರೂ ಹೋಗಿದ್ದರು, ರಜೆ ಸಿಕ್ಕಿದ್ದು ಒಬ್ಬರಿಗೆ

ಮೊನ್ನೆ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಮದುವೆಯಾಗಿ ಒಂದೂವರೆ ವರ್ಷ. ಗಂಡನ ಜೊತೆ ಆರು ದಿನ ಸುತ್ತಾಡಿ ಆಗಷ್ಟೇ ವಾಪಸ್ ಬಂದಿದ್ದಳು. "ಹೇಗಿತ್ತೇ ಟ್ರಿಪ್ಪು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗೆ ತುಂಬಾ ಖುಷಿಯಾಯ್ತು ಕಣೇ" ಅಂದಳು. ನಾನು ಕೇಳಿದ್ದು ಅವಳನ್ನ. ಉತ್ತರ ಬಂದದ್ದು ಅವನ ಬಗ್ಗೆ.

ಆ ಉತ್ತರ ನನಗೆ ಚೆನ್ನಾಗಿ ಗೊತ್ತು. ನಾಲ್ಕು ವರ್ಷದ ಹಿಂದೆ ಯಾರು ಕೇಳಿದರೂ ನಾನೂ ಹೀಗೇ ಹೇಳುತ್ತಿದ್ದೆ.

ನಮ್ಮ ಮೊದಲ ದೊಡ್ಡ ಪ್ರವಾಸ ಎಂಟು ದಿನದ್ದು. ಎರಡು ತಿಂಗಳು ಮೊದಲೇ ಶುರು ಮಾಡಿದ್ದೆ. ಯಾವ ದಿನ ಎಲ್ಲಿ ಉಳಿಯೋದು, ಆ ರೂಮಿನ ಬಗ್ಗೆ ಜನ ಏನು ಬರೆದಿದ್ದಾರೆ, ರೈಲು ತಪ್ಪಿದರೆ ಮುಂದಿನದ್ದು ಎಷ್ಟೊತ್ತಿಗೆ, ಇಬ್ಬರ ಗುರುತಿನ ಚೀಟಿಯ ಪ್ರತಿ, ಅವನ ಚಾರ್ಜರ್, ಅವನ ತಲೆನೋವಿನ ಮಾತ್ರೆ, ನಾವಿಲ್ಲದಾಗ ಗಿಡಕ್ಕೆ ನೀರು ಹಾಕುವವರು ಯಾರು. ಎಲ್ಲವೂ ನನ್ನ ತಲೆಯಲ್ಲೇ. ಅವನು ಭಾರದ ಬ್ಯಾಗುಗಳನ್ನೆಲ್ಲ ಹೊತ್ತ, ನಗುನಗುತ್ತಾ ಇದ್ದ, ಒಂದು ಸಲವೂ ಗೊಣಗಲಿಲ್ಲ. ಒಂದೇ ಒಂದು ಪ್ರಶ್ನೆ ಮಾತ್ರ ಬೆಳಗಿಂದ ಸಂಜೆತನಕ ಕೇಳುತ್ತಿದ್ದ: "ಈಗ ಎಲ್ಲಿಗೆ?"

ನಾಲ್ಕನೇ ದಿನ ಸಂಜೆ, ಎದುರಿಗೆ ಅಷ್ಟು ಚಂದದ ಬೆಟ್ಟವಿದ್ದಾಗ, ಆ ಪ್ರಶ್ನೆ ಮತ್ತೆ ಬಂತು. ನಾನು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅವನಿಗೆ ಏನೂ ತಿಳಿಯಲಿಲ್ಲ. ತುಂಬಾ ಹೊತ್ತಿನ ಮೇಲೆ, "ಇದನ್ನೆಲ್ಲ ನೋಡ್ಕೊಳ್ಳೋದು ನಿಂಗಿಷ್ಟ ಅಂದ್ಕೊಂಡಿದ್ದೆ" ಅಂದ. ಅದು ಅವನ ಪ್ರಾಮಾಣಿಕ ಮಾತು. ನಾನೂ ಯಾವತ್ತೂ ಇಷ್ಟವಿಲ್ಲ ಅಂತ ಹೇಳಿರಲಿಲ್ಲ.

ಪ್ರವಾಸದ ಪೋಸ್ಟುಗಳ ಕೆಳಗೆ "ಸೂಪರ್ ಜೋಡಿ" ಅಂತ ಬರೆಯುವ ನಾವ್ಯಾರೂ ಒಂದು ಪ್ರಶ್ನೆ ಕೇಳುವುದಿಲ್ಲ. ಇಬ್ಬರೂ ಹೋಗಿದ್ದರು ಸರಿ, ಆದರೆ ರಜೆ ಸಿಕ್ಕಿದ್ದು ಯಾರಿಗೆ? ನಾನು ನೋಡಿದ ಬಹುತೇಕ ಜೋಡಿಗಳಲ್ಲಿ ಹೆಂಡತಿಗೆ ಸಿಕ್ಕಿರುವುದಿಲ್ಲ. ತಿರುಗುಮುರುಗಾದ ಮನೆಗಳೂ ಇವೆ, ಇಲ್ಲ ಅನ್ನುವುದಿಲ್ಲ. ಹಗಲೆಲ್ಲ ಗಾಡಿ ಓಡಿಸಿ, ರೂಮು ಸರಿಯಿಲ್ಲದಿದ್ದರೆ ತಾನೇ ಜಗಳವಾಡಿ, ಖರ್ಚಿನ ಲೆಕ್ಕ ಒಬ್ಬನೇ ಇಟ್ಟು ಹೈರಾಣಾದ ಗಂಡಂದಿರನ್ನೂ ಕಂಡಿದ್ದೇನೆ. ಯಾರು ಹೊತ್ತರೂ ಹೊರೆ ಹೊರೆಯೇ.

ಆ ಬೆಂಚಿನ ಮೇಲೆ ಶುರುವಾದ ಮಾತು ಮನೆಗೆ ಬಂದಮೇಲೂ ವಾರಗಟ್ಟಲೆ ನಡೆಯಿತು. ಕೊನೆಗೆ ಒಂದು ಪದ್ಧತಿ ಮಾಡಿಕೊಂಡೆವು: ಪಾಳಿ. ಒಂದು ಸಲ ನನ್ನ ಪಾಳಿ, ಮುಂದಿನ ಸಲ ಅವನದು. ಜಾಗ ಆರಿಸುವುದರಿಂದ ಹಿಡಿದು ಟಿಕೆಟ್ಟು, ರೂಮು, ಎಷ್ಟೊತ್ತಿಗೆ ಹೊರಡೋದು, ಮಳೆ ಬಂದರೆ ಏನು ಮಾಡೋದು ಅನ್ನುವವರೆಗೆ ಎಲ್ಲ ಪಾಳಿಯವರದೇ. ಇನ್ನೊಬ್ಬರು ನಡುವೆ ಕೈ ಹಾಕಬಾರದು. "ನಾನಾಗಿದ್ರೆ ಹೀಗೆ ಮಾಡ್ತಿರಲಿಲ್ಲ" ಅಂತ ಆಮೇಲೂ ಅನ್ನಬಾರದು.

ಈ ಕೊನೇ ಷರತ್ತು ಕಷ್ಟವಾದದ್ದು ನನಗೆ. ಅವನ ಮೊದಲ ಪಾಳಿಯಲ್ಲಿ ಒಂದು ಮ್ಯೂಸಿಯಂ ನೋಡಲೆಂದೇ ಹೋದೆವು. ಅವತ್ತು ಅದರ ವಾರದ ರಜೆ, ಗೇಟಿಗೆ ಬೀಗ. ಒಂದು ನಿಮಿಷ ಫೋನ್ ನೋಡಿದ್ದರೆ ಗೊತ್ತಾಗುತ್ತಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಅವನೇ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಕಾಂಪೌಂಡಿನ ಹಿಂದಿನ ದಾರಿ ಹಿಡಿದು ಸುಮ್ಮನೆ ನಡೆದೆವು. ಎರಡು ಗಂಟೆ ನಡೆದಿರಬೇಕು. ಅವನು ಚಿಕ್ಕವನಿದ್ದಾಗ ಒಂದು ಜಾತ್ರೆಯಲ್ಲಿ ಕಳೆದುಹೋಗಿದ್ದ ಕಥೆಯನ್ನು ನಾನು ಮೊದಲ ಸಲ ಕೇಳಿದ್ದು ಆ ದಾರಿಯಲ್ಲಿ. ಅಷ್ಟು ದಿನದ ಸಂಸಾರದಲ್ಲಿ ಆ ಕಥೆಗೆ ಜಾಗವೇ ಸಿಕ್ಕಿರಲಿಲ್ಲ. ಹೊರೆ ಇಳಿಸಬೇಕು ಅಂತ ಅತ್ತವಳಿಗೆ ಅದನ್ನು ಕೈಬಿಡುವುದೂ ಕಷ್ಟವೇ ಅನ್ನೋದು ಅವತ್ತು ತಿಳಿಯಿತು. ಎರಡನೇ ಪಾಳಿಗೆ ಅವನು ತೆರೆಯುವ ಹೊತ್ತು, ಮುಚ್ಚುವ ಹೊತ್ತು ಎಲ್ಲ ಬರೆದುಕೊಂಡಿದ್ದ. ನಾನು ಹೇಳಿಕೊಟ್ಟದ್ದಲ್ಲ.

ವರ್ಷಕ್ಕೊಂದೇ ಪ್ರವಾಸ ಹೋಗುವವರಿಗೆ ಪಾಳಿ ನಡೆಯುವುದಿಲ್ಲ. ಒಬ್ಬರ ಸರದಿ ಮತ್ತೆ ಬರುವಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ, ಕಲಿತದ್ದೆಲ್ಲ ಮರೆತಿರುತ್ತದೆ. ಅದಕ್ಕೇ ನಾವು ದೊಡ್ಡದನ್ನು ಬಿಟ್ಟು ಸಣ್ಣದಕ್ಕೆ ಬಂದೆವು. ಎರಡು ರಾತ್ರಿ, ಮನೆಯಿಂದ ಮೂರು ನಾಲ್ಕು ಗಂಟೆಯ ದೂರದೊಳಗೆ, ಎರಡು ತಿಂಗಳಿಗೊಮ್ಮೆ. ಎಂಟು ದಿನಕ್ಕೆ ಖರ್ಚಾದ ದುಡ್ಡಿನಲ್ಲೇ ಇಡೀ ವರ್ಷದ್ದು ಹೆಚ್ಚುಕಡಿಮೆ ಮುಗಿಯುತ್ತದೆ. ಅಷ್ಟೂ ಆಗದ ತಿಂಗಳಲ್ಲಿ ಬೆಳಗ್ಗೆ ಬಸ್ಸು ಹತ್ತಿ ಸಂಜೆಗೆ ವಾಪಸಾದದ್ದೂ ಇದೆ.

ಒಂದೇ ರಾತ್ರಿ ಸಾಲದು ಅನ್ನುವುದು ಅನುಭವದಿಂದ ಗೊತ್ತಿತ್ತು. ಕಾರಣ ಗೊತ್ತಾದದ್ದು ಆಮೇಲೆ. ಹೊಸ ಜಾಗದ ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರದೇ ಇರುವುದನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ಅಪರಿಚಿತ ಕೋಣೆಯಲ್ಲಿ ಮಲಗಿದವರ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ನಿದ್ರಿಸುವುದಿಲ್ಲವಂತೆ, ಸಣ್ಣ ಸದ್ದಿಗೂ ಎಚ್ಚರಗೊಳ್ಳಲು ತಯಾರಾಗಿರುತ್ತದಂತೆ. ಅದೇ ಜಾಗದಲ್ಲಿ ಇನ್ನೊಮ್ಮೆ ಮಲಗಿದಾಗ ಆ ವ್ಯತ್ಯಾಸ ಇರಲಿಲ್ಲ. ಮೊದಲ ದಿನ ಬೆಳಗ್ಗೆ ನಾವಿಬ್ಬರೂ ಸಿಡಿಮಿಡಿ ಅನ್ನುತ್ತಿದ್ದುದು ಯಾಕೆ ಅಂತ ಆಗ ಹೊಳೆಯಿತು. ಈಗ ಆ ಬೆಳಗ್ಗೆಗೆ ಯಾವ ಕಾರ್ಯಕ್ರಮವೂ ಇಟ್ಟುಕೊಳ್ಳುವುದಿಲ್ಲ. ಹಸಿದಿದ್ದಾಗ ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ನಮ್ಮ ಜಗಳಗಳಲ್ಲಿ ಅರ್ಧ ಇಷ್ಟರಲ್ಲೇ ನಿಂತುಹೋಯಿತು.

ಪಾಳಿಯಿಂದ ನನಗೆ ಸಿಕ್ಕ ದೊಡ್ಡ ವಸ್ತು ಕಾಯುವ ಸುಖ. ನೆದರ್‌ಲ್ಯಾಂಡ್ಸ್‌ನಲ್ಲಿ 1,530 ಮಂದಿಯನ್ನು ಒಳಗೊಂಡ ಒಂದು ಅಧ್ಯಯನ 2010ರಲ್ಲಿ ಬಂದಿತ್ತು. ಪ್ರವಾಸ ಹೊರಡಲಿರುವವರು ಹೊರಡುವ ಮೊದಲೇ ಪ್ರವಾಸ ಹೋಗದವರಿಗಿಂತ ಹೆಚ್ಚು ಖುಷಿಯಾಗಿದ್ದರು. ವಾಪಸಾದ ಮೇಲೆ, ತುಂಬಾ ನಿರಾಳವಾಗಿ ರಜೆ ಕಳೆದವರನ್ನು ಬಿಟ್ಟರೆ, ಉಳಿದವರಲ್ಲಿ ಆ ವ್ಯತ್ಯಾಸ ಇರಲಿಲ್ಲ. ಇದನ್ನು ಓದಿದಾಗ ಆ ಎಂಟು ದಿನದ ಪ್ರವಾಸಕ್ಕೂ ಮೊದಲಿನ ಎರಡು ತಿಂಗಳು ನೆನಪಾಯಿತು. ಎದುರು ನೋಡುವ ಆ ಖುಷಿ ಪೂರ್ತಿ ಅವನ ಪಾಲಿಗೆ ಹೋಗಿತ್ತು. ನನ್ನ ಪಾಲಿಗೆ ಚಿಂತೆ ಉಳಿದಿತ್ತು. ಈಗ ಅವನ ಪಾಳಿ ಬಂದಾಗ ನಾನು ಆಫೀಸಿನಲ್ಲಿ ಕೂತು ಸುಮ್ಮನೆ ದಿನ ಎಣಿಸುತ್ತೇನೆ. ಆ ಸುಖ ಏನು ಅಂತ ಮೂವತ್ತರ ಹೊಸ್ತಿಲಲ್ಲಿ ಗೊತ್ತಾಯಿತು ನನಗೆ.

ಇನ್ನೊಂದು ಮಾತು. ಹೋದ ಕಡೆ ರೂಮಿನಲ್ಲಿ ಒರಗಿಕೊಂಡು ಇಬ್ಬರೂ ಫೋನ್ ನೋಡುವುದಾದರೆ ಮನೆಯಲ್ಲೇ ಇರಬಹುದು. ಮನಃಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು 1993ರಲ್ಲಿ 53 ದಂಪತಿಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟಿಸಿದ್ದರು. ಹತ್ತು ವಾರ, ವಾರಕ್ಕೆ ಒಂದೂವರೆ ಗಂಟೆ. ಕೆಲವರು ಹಿತವಾದದ್ದನ್ನು ಜೊತೆಯಾಗಿ ಮಾಡಬೇಕು, ಕೆಲವರು ಮೈ ನವಿರೇಳಿಸುವಂಥದ್ದನ್ನು. ದಾಂಪತ್ಯದ ಬಗೆಗಿನ ತೃಪ್ತಿ ಹೆಚ್ಚಿದ್ದು ಎರಡನೇ ಗುಂಪಿನವರಲ್ಲಿ. ನಾವಂತೂ ಪ್ರತಿ ಸಲ ಇಬ್ಬರಿಗೂ ಗೊತ್ತಿಲ್ಲದ ಒಂದನ್ನು ಹುಡುಕುತ್ತೇವೆ. ಕಳೆದ ಬಾರಿ ಇಬ್ಬರು ಕೂರುವ ಕಯಾಕ್. ಮುಂದೆ ಕೂತವರು ಹುಟ್ಟು ಹಾಕುವ ಲಯ ಹಿಡಿಯಬೇಕು, ಹಿಂದೆ ಕೂತವರು ಆ ಲಯಕ್ಕೆ ಸೇರಿಕೊಂಡು ದಿಕ್ಕು ನೋಡಿಕೊಳ್ಳಬೇಕು. ಮುಂದಿನವರಿಗೆ ಹಿಂದಿನವರು ಕಾಣುವುದಿಲ್ಲ. ನಾನು ಮುಂದಿದ್ದೆ. ಮೊದಲ ಅರ್ಧ ಗಂಟೆ ದೋಣಿ ಇದ್ದಲ್ಲೇ ಗಿರಕಿ ಹೊಡೆಯಿತು. ಯಾಕೆಂದರೆ ಅವನು ಸರಿಯಾಗಿ ಹಾಕುತ್ತಿದ್ದಾನೋ ಇಲ್ಲವೋ ಅಂತ ನಾನು ತಿರುಗಿ ತಿರುಗಿ ನೋಡುತ್ತಿದ್ದೆ. "ಮುಂದೆ ನೋಡು, ಹಿಂದೆ ನಾನಿದೀನಿ" ಅಂದ. ನೀರಿನ ಮೇಲೆ ಆ ಮಾತು ಬೇರೆಯೇ ಥರ ಕೇಳಿಸಿತು. ತಿರುಗುವುದನ್ನು ಬಿಟ್ಟೆ. ದೋಣಿ ನೇರ ಹೋಯಿತು.

ಫೋಟೊ ವಿಚಾರ ಹೆಚ್ಚು ಬರೆಯುವುದಿಲ್ಲ. ಮ್ಯೂಸಿಯಂ ಒಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನಃಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಕಂಡುಕೊಂಡದ್ದು ಇಷ್ಟು: ವಸ್ತುವಿನ ಪೂರ್ತಿ ಫೋಟೊ ತೆಗೆದವರಿಗೆ, ಬರೀ ಕಣ್ಣಿನಿಂದ ನೋಡಿದವರಿಗಿಂತ ಕಡಿಮೆ ನೆನಪಿತ್ತು. ಒಂದು ಭಾಗವನ್ನಷ್ಟೇ ಹತ್ತಿರದಿಂದ ತೆಗೆದವರ ನೆನಪು ಕುಂದಿರಲಿಲ್ಲ. ಅಂದಿನಿಂದ ನಾವು ಸಣ್ಣದನ್ನು ತೆಗೆಯುತ್ತೇವೆ. ಕಲ್ಲಿನ ಮೇಲಿನ ಪಾಚಿ, ಅವನ ಒದ್ದೆ ಶೂ.

ಕೊನೆಯ ದಿನದ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ದಯವಿಟ್ಟು ಅದನ್ನು ಹಾಳು ಮಾಡಿಕೊಳ್ಳಬೇಡಿ. ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರ 1993ರ ಪ್ರಯೋಗ ಪ್ರಸಿದ್ಧ. ಒಂದು ಸಲ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡು ಕೈ ಅದ್ದಬೇಕು. ಇನ್ನೊಂದು ಸಲ ಅದೇ 60 ಸೆಕೆಂಡಿನ ಮೇಲೆ ಮತ್ತೆ 30 ಸೆಕೆಂಡು, ಆದರೆ ಅಷ್ಟರಲ್ಲಿ ನೀರು ಮೆಲ್ಲಗೆ 15 ಡಿಗ್ರಿಗೆ ಏರುತ್ತದೆ. ಯಾವುದನ್ನು ಮತ್ತೆ ಮಾಡುತ್ತೀರಿ ಅಂತ ಕೇಳಿದರೆ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನೇ. ಕೊನೆ ತುಸು ಹಿತವಾಗಿತ್ತಲ್ಲ, ಅದಕ್ಕೆ. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಬಿಟ್ಟುಹೋದದ್ದನ್ನೆಲ್ಲ ಕೊನೇ ದಿನಕ್ಕೆ ತುರುಕಿ, ಮಧ್ಯರಾತ್ರಿ ಮನೆ ಸೇರಿ, ಬೆಳಗ್ಗೆ ಎದ್ದು ಕೆಲಸಕ್ಕೆ ಓಡುತ್ತೇವೆ. ಈಗ ನಾವಿಬ್ಬರೂ ಮಧ್ಯಾಹ್ನದೊಳಗೆ ಮನೆಗೆ ಬಂದುಬಿಡುತ್ತೇವೆ. ಬಟ್ಟೆ ಒಗೆದು ಮಡಚುವುದು ಪಾಳಿ ಇಲ್ಲದವರ ಕೆಲಸ. ಪಾಳಿಯವರು ಮಲಗಬಹುದು.

"ಎರಡು ತಿಂಗಳಿಗೊಂದ್ಸಲ ಎಲ್ಲಿಗೋ ಹೋಗ್ಲೇಬೇಕಾ?" ಅಂತ ಅತ್ತೆ ಮೊದಮೊದಲು ಕೇಳುತ್ತಿದ್ದರು. ಪ್ರತಿಯೊಬ್ಬರಿಗೂ ವಿಶ್ರಾಂತಿ, ಬಿಡುವು, ಸಂಬಳ ಸಹಿತ ರಜೆಯ ಹಕ್ಕಿದೆ ಅನ್ನುವುದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ವಿಧಿಯಲ್ಲೇ ಇದೆ. ಅವರ ಮುಂದೆ ಅದನ್ನೇನೂ ಓದಿ ಹೇಳಲಿಲ್ಲ. "ಅತ್ತೆ, ನೀವೂ ಮಾವನೂ ಒಂದ್ಸಲ ಹೋಗಿ ಬನ್ನಿ, ಎಲ್ಲಾ ಮಾವನೇ ನೋಡ್ಕೊಳ್ಳಲಿ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಆ ಪ್ರಶ್ನೆ ಮತ್ತೆ ಬರಲಿಲ್ಲ.

ಗೆಳತಿಗೂ ಇದನ್ನೇ ಹೇಳಿದೆ. "ಮುಂದಿನದ್ದು ಪೂರ್ತಿ ಅವನಿಗೆ ಬಿಡು." ಅದಕ್ಕೆ ಅವಳು, "ಅಯ್ಯೋ, ಅವನಿಗೆ ಅದೆಲ್ಲ ಬರಲ್ಲ ಕಣೇ" ಅಂದಳು. ನನಗೆ ಸಂಕಟವಾಗುವುದು ಈ ಮಾತು ಕೇಳಿದಾಗಲೇ. ಆಫೀಸಿನಲ್ಲಿ ಹತ್ತು ಜನರ ಕೆಲಸ ಹಂಚುವವನಿಗೆ, ತಿಂಗಳ ಕಂತು ಒಂದು ದಿನವೂ ತಪ್ಪಿಸದವನಿಗೆ ಎರಡು ರಾತ್ರಿಯ ರೂಮು ಬುಕ್ ಮಾಡಲು ಬರುವುದಿಲ್ಲವೇ? ಬರುತ್ತದೆ. ಒಂದೆರಡು ಸಲ ತಪ್ಪಾಗುತ್ತದೆ, ಬೀಗ ಹಾಕಿದ ಗೇಟಿನ ಮುಂದೆ ನಿಲ್ಲಬೇಕಾಗುತ್ತದೆ. ನಿಂತುಕೊಳ್ಳಿ. ತಪ್ಪು ಮಾಡುವಷ್ಟು ಜಾಗ ಅವನಿಗೂ ಬೇಕು, ಅದನ್ನು ತಿದ್ದದೆ ಇರುವಷ್ಟು ತಾಳ್ಮೆ ನಿಮಗೂ ಬೇಕು.

ಈ ಶುಕ್ರವಾರ ಸಂಜೆ ಹೊರಡುತ್ತಿದ್ದೇವೆ. ಅವನ ಪಾಳಿ. ಎಲ್ಲಿಗೆ ಅಂತ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ನಿನ್ನೆ ರಾತ್ರಿ ಬ್ಯಾಗಿಗೆ ಬಟ್ಟೆ ತುಂಬುವಾಗ ಒಂದೇ ಒಂದು ಕೇಳಿದೆ: "ಚಪ್ಪಲಿ ಸಾಕಾ, ಶೂ ಬೇಕಾ?"

"ಶೂ" ಅಂದ. ಆಮೇಲೆ ಒಳಗಿಂದ ಮತ್ತೆ ಕೂಗಿ ಹೇಳಿದ, "ಒಂದು ಜೊತೆ ಸಾಕ್ಸ್ ಜಾಸ್ತಿ ಇಟ್ಕೋ."